ಗಾಜಿನ ಚೌಕಟ್ಟಿನೊಳಗಿನ ಶಿವರಂಜಿನಿ

ತೆರಕಣಾಂಬಿಯ ಪುಟ್ಟಮಾದುವಿನ ಮಗಳು ಶಿವರಂಜಿನಿಯ ಎಡಗಿವಿಯ ಹಾಲೆ ಇವತ್ತಿಗೂ ಎರಡು ಸೀಳಾಗಿದೆ. ಅದಕ್ಕೆ ಓಲೆ ನಿಲ್ಲುವುದಿಲ್ಲ. ಹೇಗಾಯಿತೆಂದು ಕೇಳಿದವರಿಗೆ ಅವಳು ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ, ಇಲ್ಲೂ ಹಾಗೇ ಹೇಳುವುದು ಸರಿ.

ಪಿಯುಸಿಯಲ್ಲಿ ವಿಜ್ಞಾನ ಓದಿದಳು. ಡಾಕ್ಟರಿಕೆಗೆ ನೀಟ್ ಬೇಕು, ಅದು ಕೈಗೆ ಹತ್ತಲಿಲ್ಲ. ಸಿಇಟಿಯಲ್ಲಿ ಬಿ.ಫಾರ್ಮ ಸೀಟು ಸಿಕ್ಕಿತು. "ಮಾತ್ರೆ ಕೊಡಕ್ಕೆ ನಾಕು ವರ್ಸ ಓದ್ಬೇಕಾ ಕಣಮ್ಮಿ? ಎಸ್ಸೆಲ್ಸಿ ಫೇಲಾದೋನೂ ಕೊಡ್ತಾನಲ್ಲ" ಎಂದು ಬೀದಿಯವರು ನಕ್ಕರು. ನಗಲಿ ಎಂದುಕೊಂಡಳು. ಓದು ಮುಗಿದ ಮೇಲೆ ಔಷಧ ಕಂಪನಿ ಸೇರಬಹುದು, ಆಸ್ಪತ್ರೆ ಸೇರಬಹುದು, ಪರೀಕ್ಷೆ ಬರೆದು ಡ್ರಗ್ ಇನ್ಸ್‌ಪೆಕ್ಟರ್ ಆಗಬಹುದು ಎಂದು ಮೇಷ್ಟ್ರು ಹೇಳಿದ್ದರು. ಅವಳ ಮನಸ್ಸು ಕೊನೆಯದರಲ್ಲಿ ಕಚ್ಚಿಕೊಂಡಿತ್ತು. ಓದು ಮುಗಿಯಿತು, ಆ ಪರೀಕ್ಷೆ ಬರುವವರೆಗೆ ಸುಮ್ಮನೆ ಕೂರುವುದೇಕೆಂದು ಗುಂಡ್ಲುಪೇಟೆಯ ಮಹದೇವಪ್ರಸಾದನ ಔಷಧದಂಗಡಿಗೆ ಸೇರಿದಳು.

ಸೇರಿದ ದಿನವೇ ಅವಳ ಫಾರ್ಮಸಿಸ್ಟ್ ನೋಂದಣಿ ಪತ್ರಕ್ಕೆ ಗಾಜಿನ ಚೌಕಟ್ಟು ಹಾಕಿಸಿ, ಮಾದಪ್ಪನ ಪಟದ ಪಕ್ಕ ಮೊಳೆ ಹೊಡೆದರು. ಆ ಪತ್ರವಿಲ್ಲದೆ ಅಂಗಡಿಯ ಬಾಗಿಲು ತೆರೆಯುವಂತಿಲ್ಲ. ಶುಕ್ರವಾರ ಬಂತೆಂದರೆ ಮಹದೇವಪ್ರಸಾದ ಎರಡು ಚೌಕಟ್ಟಿಗೂ ಕುಂಕುಮವಿಟ್ಟು ಊದುಬತ್ತಿ ಹಚ್ಚುತ್ತಿದ್ದ. ಅದನ್ನು ನೋಡಿದ ಪುಟ್ಟಮಾದು ಅಂಗಡಿಯ ಮೆಟ್ಟಿಲ ಮೇಲೆ ನಿಂತು ಅತ್ತುಬಿಟ್ಟಿದ್ದ. ಮಗಳೂ ಮರುಳಾದಳು. ಪತ್ರಕ್ಕೆ ಪೂಜೆ ನಡೆಯಿತು, ಪತ್ರದವಳು ಮಾತ್ರ ಐದು ಗಂಟೆಗೆ ತೆರಕಣಾಂಬಿಯ ಬಸ್ಸು ಹತ್ತುತ್ತಿದ್ದಳು. ಅಂಗಡಿ ಒಂಬತ್ತರವರೆಗೂ ತೆರೆದಿರುತ್ತಿತ್ತು. ಅಷ್ಟು ಹೊತ್ತು ತನ್ನ ಹೆಸರಿನಲ್ಲಿ ಏನು ಮಾರುತ್ತಾರೆ ಎಂದು ಅವಳು ಒಮ್ಮೆಯೂ ಕೇಳಲಿಲ್ಲ. ಎಲ್ಲ ಕಡೆ ನಡೆಯುವುದೇ ಹೀಗೆ ಎನ್ನುವುದು ನಮ್ಮವರ ದೊಡ್ಡ ಸಮಾಧಾನ, ಅವಳದೂ ಅದೇ.

ಬೆಳಗಿನ ಗಿರಾಕಿಗಳಲ್ಲಿ ಭಾಗ್ಯ ಎಂಬ ಹೆಂಗಸೊಬ್ಬಳಿದ್ದಳು. ಗಂಡ ಶಿವಮಲ್ಲು ಹೂವಿನ ಮೂಟೆ ಹೊರುವವನು. ಒಂದು ವಾರ ಹುಬ್ಬಿನ ಮೇಲೆ ಗಾಯ, ಇನ್ನೊಂದು ವಾರ ಬೆನ್ನಿಗೆ ಬರೆ. ಒಮ್ಮೆ ಎರಡು ಬೆರಳು ಮುರಿದುಕೊಂಡು ಬಂದಿದ್ದಳು. "ಬಿದ್ಬುಟ್ಟೆ ಕಣಕ್ಕ" ಎನ್ನುತ್ತಿದ್ದಳು. ಶಿವರಂಜಿನಿ ಬ್ಯಾಂಡೇಜು ಸುತ್ತಿ, ಆಸ್ಪತ್ರೆಗೆ ಹೋಗೆಂದು ಹೇಳಿ, ಮುಲಾಮು ಕೊಟ್ಟು ಕಳಿಸುತ್ತಿದ್ದಳು.

ಒಂದು ಮಂಗಳವಾರ ಮಧ್ಯಾಹ್ನ ಮಹದೇವಪ್ರಸಾದ ಸರಕು ತರಲು ಚಾಮರಾಜನಗರಕ್ಕೆ ಹೋಗಿದ್ದ. ಶಿವಮಲ್ಲು ಬಂದ. ಮೈಯೆಲ್ಲ ಬೆವೆತಿತ್ತು. ಗುಳಿಗೆಯ ಖಾಲಿ ಹಾಳೆಯೊಂದನ್ನು ಕೌಂಟರಿನ ಗಾಜಿನ ಮೇಲೆ ಎಸೆದು, "ಎಲ್ಡು ಶೀಟ್ ಕೊಡು" ಎಂದ. ಅದು ಡಾಕ್ಟರ ಚೀಟಿಯಿಲ್ಲದೆ ಕೊಡಬಾರದ ನೋವಿನ ಗುಳಿಗೆ. ಹೆಚ್ಚು ನುಂಗಿದರೆ ಅಮಲೇರುತ್ತದೆ, ಮನುಷ್ಯ ಮನುಷ್ಯನಾಗಿ ಉಳಿಯುವುದಿಲ್ಲ.

"ಚೀಟಿ ಎಲ್ಲಿ?"

"ದಿನಾ ಸಂಜೆ ನಿಮ್ ಅಂಗ್ಡಿಯೋನು ಕೊಡ್ತಾನಲ್ಲ. ಇವತ್ತೇನು ಚೀಟಿ?"

"ಚೀಟಿ ಇಲ್ದೆ ಕೊಡಲ್ಲ. ಓಗು."

ಶಿವಮಲ್ಲು ಅವಳ ಜಡೆ ಹಿಡಿದು ಮುಖವನ್ನು ಗಾಜಿಗೆ ಬಡಿದ. ಎರಡನೇ ಏಟಿಗೆ ಗಾಜು ಒಡೆಯಿತು. ಓಲೆ ಅವನ ಬೆರಳಿಗೆ ಸಿಕ್ಕಿ, ಹಾಲೆ ಹರಿದುಕೊಂಡು ಬಂತು. ಅವನು ಕೌಂಟರು ಹಾರಿ ಒಳಗೆ ನುಗ್ಗಿ, ಬಿದ್ದಿದ್ದವಳ ಹೊಟ್ಟೆಗೆ ಒದ್ದು, ಡ್ರಾಯರುಗಳನ್ನು ಕಿತ್ತೆಸೆಯತೊಡಗಿದ. ಅಷ್ಟರಲ್ಲಿ ಅವನನ್ನು ಹುಡುಕಿಕೊಂಡು ಬಂದ ಭಾಗ್ಯ, ಮೂಲೆಯಲ್ಲಿ ಒರಗಿಸಿದ್ದ ಶಟರಿನ ಕಬ್ಬಿಣದ ಕೊಕ್ಕೆ ಎತ್ತಿಕೊಂಡು ಗಂಡನ ಮಂಡಿಗೆ ಬಾರಿಸಿದಳು. ಅವನು ಕುಸಿದ. ಮತ್ತೆ ಬಾರಿಸಿದಳು. "ಇದ್ನ ನುಂಗ್ದಾಗೆಲ್ಲ ನನ್ ಮೂಳೆ ಮುರ್ದಲ್ಲೋ" ಎನ್ನುತ್ತ ಬಾರಿಸುತ್ತಲೇ ಇದ್ದಳು. ಜನ ಬಂದು ಕೊಕ್ಕೆ ಕಿತ್ತುಕೊಂಡು ಅವನನ್ನು ಹೊರಗೆಳೆದರು.

ಆಮೇಲೆ ಭಾಗ್ಯ ಶಿವರಂಜಿನಿಯ ಪಕ್ಕ ಕೂತು ಹೇಳಿದಳು. "ನೀವೇ ಕೊಡ್ತಿದ್ದೀರಿ ಅನ್ಕಂಡಿದ್ದೆ ಕಣಕ್ಕ. ಗೋಡೇಲಿ ನಿಮ್ಮೆಸ್ರೇ ಅದೆಯಲ್ಲ."

ಅದರಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅದು ಒದೆತಕ್ಕಿಂತ ಆಳಕ್ಕೆ ಇಳಿಯಿತು. ಚೆಲ್ಲಿದ್ದ ಡ್ರಾಯರುಗಳ ನಡುವೆ ಬಿಲ್ಲಿನ ಪುಸ್ತಕ ಬಿದ್ದಿತ್ತು. ಶಿವರಂಜಿನಿ ತೆರೆದು ನೋಡಿದಳು. ಸಂಜೆಯ ಒಂದೊಂದು ಬಿಲ್ಲಿನಲ್ಲೂ ಅದೇ ಗುಳಿಗೆ, ಕೆಳಗೆ ಅವಳ ಹೆಸರಿನ ಮೊಹರು. ಗಾಯ ಮಾಡಿಸಿದ್ದೂ ಇದೇ ಹೆಸರು, ಮುಲಾಮು ಕೊಟ್ಟದ್ದೂ ಇದೇ ಹೆಸರು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮಹದೇವಪ್ರಸಾದ ಬಂದವನೇ ಜನರನ್ನು ಅಟ್ಟಿ ಶಟರು ಅರ್ಧ ಎಳೆದ. "ಆಸ್ಪತ್ರೆಗೆ ನಾನೇ ತೋರುಸ್ತೀನಿ, ಇಲ್ಲಿಗೇ ಬುಟ್ಬುಡು. ಪೊಲೀಸ್ರತ್ರ ಓದ್ರೆ ಮೊದ್ಲು ಓಗದು ನಿನ್ ರಿಜಿಸ್ಟ್ರೇಷನ್ನು. ಇನ್ಸ್‌ಪೆಕ್ಟ್ರು ಆಗದು ಆಮೇಲಿನ ಮಾತು."

ಅವನು ಹೇಳಿದ್ದು ನಿಜವಿರಬಹುದೆಂದು ಅವಳಿಗೆ ಗೊತ್ತಿತ್ತು. ಪರೀಕ್ಷೆಗೆ ಆಗಲೇ ಅರ್ಜಿ ಹಾಕಿದ್ದಳು. ಆದರೂ ಸ್ಟೂಲು ಹತ್ತಿ ಚೌಕಟ್ಟನ್ನು ಮೊಳೆಯಿಂದ ಕಿತ್ತಳು. ಅವನು ಅವಳ ಮಣಿಕಟ್ಟು ತಿರುಚಿ ಕೆಳಗೆಳೆದ. ಅವಳು ಚೌಕಟ್ಟಿನ ಮೂಲೆಯಿಂದ ಅವನ ಮುಖಕ್ಕೆ ಹೊಡೆದಳು. ಮೂಗಿನ ಮೂಳೆ ಮುರಿದದ್ದು ಭಾಗ್ಯಳಿಗೂ ಕೇಳಿಸಿತು. ಅವನು ಮುಖ ಹಿಡಿದುಕೊಂಡು ಕೂತ ಮೇಲೆ ಹೆಂಗಸರಿಬ್ಬರೂ ಬಿಲ್ಲಿನ ಪುಸ್ತಕ, ಚೌಕಟ್ಟು ಎತ್ತಿಕೊಂಡು ಶಟರಿನಡಿ ಬಗ್ಗಿ ಹೊರಬಂದು ಠಾಣೆಗೆ ನಡೆದರು.

ಠಾಣೆಯ ರೈಟರು ಯಾರ ಮೇಲೆ ದೂರು ಎಂದು ಕೇಳಿದರು. ಶಿವರಂಜಿನಿ ಶಿವಮಲ್ಲುವಿನ ಹೆಸರು ಹೇಳಿದಳು, ಮಹದೇವಪ್ರಸಾದನ ಹೆಸರು ಹೇಳಿದಳು. ಬಿಲ್ಲಿನ ಪುಸ್ತಕವನ್ನೂ ಗಾಜೊಡೆದ ಚೌಕಟ್ಟನ್ನೂ ಮೇಜಿನ ಮೇಲಿಟ್ಟು, ಮೂರನೆಯದಾಗಿ ತನ್ನ ಹೆಸರು ಬರೆದುಕೊಳ್ಳಿ ಎಂದಳು.

"ನಿನ್ ಮೇಲೆ ನೀನೇ ದೂರು ಕೊಡ್ತೀಯೇನಮ್ಮ?"

ಭಾಗ್ಯ ತನ್ನ ಮುರಿದು ಸೊಟ್ಟಗೆ ಕೂಡಿದ ಬೆರಳುಗಳಿಂದ ಅವಳ ಕಿವಿಗೆ ಸೆರಗು ಒತ್ತಿ ಹಿಡಿದಿದ್ದಳು.

"ಐದ್ ಗಂಟೆಗೆ ನಾನು ಮನೆಗೆ ಓಯ್ತಿದ್ದೆ ಸಾರ್" ಎಂದಳು ಶಿವರಂಜಿನಿ. "ಎಸ್ರು ಇಲ್ಲೇ ಬುಟ್ಟು ಓಯ್ತಿದ್ದೆ."