ಊಟ ಆಯ್ತಾ ಎಂದು ಕೇಳದ ಊರು

ನಮ್ಮ ಉಡುಪಿಯಲ್ಲಿ ಎದುರು ಸಿಕ್ಕವರು ಕುಶಲ ಕೇಳುವುದಿಲ್ಲ, ಊಟ ಕೇಳುತ್ತಾರೆ. ಬನ್ನಂಜೆಯ ನಮ್ಮ ಓಣಿಯಿಂದ ಬಸ್ಸು ಹಿಡಿಯುವ ಜಾಗ ತಲುಪುವುದರೊಳಗೆ ಕನ್ನಡದಲ್ಲಿ ‘ಊಟ ಆಯ್ತಾ’, ತುಳುವಿನಲ್ಲಿ ‘ಒಣಸ್ ಆಂಡಾ’, ಕೊಂಕಣಿಯಲ್ಲಿ ‘ಜೆವಣ್ ಜಾಲೆಂ’ ಎಂದು ನನ್ನ ಜಠರದ ಯೋಗಕ್ಷೇಮ ಬಹುಭಾಷೆಗಳಲ್ಲಿ ವಿಚಾರಣೆಗೆ ಒಳಗಾಗುತ್ತದೆ. ಕೇಳಿದವರು ಉತ್ತರಕ್ಕೆ ಕಾಯುವುದಿಲ್ಲ. ಬೆಳಗಿನ ಹೊತ್ತು ನೀವು ‘ಆಯ್ತು’ ಎಂದರೂ ಅವರಿಗೆ ಅಚ್ಚರಿಯಿಲ್ಲ, ನಡುಮಧ್ಯಾಹ್ನ ‘ಇಲ್ಲ’ ಎಂದರೆ ಕರೆದೊಯ್ದು ಬಡಿಸುತ್ತಾರೆಂಬ ಭರವಸೆಯೂ ಇಲ್ಲ. ನಿನ್ನನ್ನು ಕಂಡೆ, ನೀನು ನಮ್ಮವಳು ಎಂದು ಹೇಳುವ ನಮ್ಮ ರೀತಿ ಅದು, ಅಷ್ಟೆ.

ಇಂಥ ಊರಿನಲ್ಲಿ ಹುಟ್ಟಿ ಬೆಳೆದ ನನಗೆ, ಆ ಪ್ರಶ್ನೆಯೊಂದನ್ನು ಮಾತ್ರ ಕೇಳಕೂಡದೆಂಬ ಷರತ್ತಿನ ನೌಕರಿ ದೊರಕಿದ್ದು ವಿಧಿಯ ವಿನೋದವಿರಬೇಕು. ಮಣಿಪಾಲದಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮಾನಸಿಕ ಆರೋಗ್ಯಕ್ಕೆಂದು ಇರುವ ಒಂದು ಚಿಕ್ಕ ಕೇಂದ್ರದಲ್ಲಿ ನಾನು ‘ಬಿಹೇವಿಯರಲ್ ಹೆಲ್ತ್ ಟೆಕ್ನಿಷಿಯನ್’. ಪಕ್ಕದ ಮನೆಯ ಸುಮತಿಯಕ್ಕ ಇದನ್ನು ಕೇಳಿದ ದಿನವೇ ತಮ್ಮ ಕೆಟ್ಟುಹೋದ ಮಿಕ್ಸಿಯನ್ನು ತಂದು ನನ್ನ ಜಗಲಿಯಲ್ಲಿಟ್ಟರು. ನಾನು ರಿಪೇರಿ ಮಾಡುವವಳಲ್ಲ, ಸಿಟ್ಟು ಬಂದರೆ ತಲೆ ಜಜ್ಜಿಕೊಳ್ಳುವ, ವಾರಗಟ್ಟಲೆ ಮಾತು ಬಿಡುವ, ಅನ್ನ ಕಂಡರೆ ಹೆದರುವ ಮಕ್ಕಳ ಜೊತೆ ಇಡೀ ದಿನ ಇರುವವಳು, ಊಟ ಬಿಟ್ಟವರ ಪಕ್ಕದಲ್ಲಿ ಕುಳಿತು ಅವರ ಜೊತೆ ಉಣ್ಣುವುದೂ ನನ್ನ ಕೆಲಸವೇ ಎಂದು ವಿವರಿಸಿದಾಗ ಅವರು ಮಿಕ್ಸಿ ಎತ್ತಿಕೊಳ್ಳುತ್ತಾ, “ಕೂತು ಊಟ ಮಾಡುದಕ್ಕೆ ಸಂಬಳ ಬೇರೆ ಕೊಡ್ತಾರಾ ಮಾರಾಯ್ತಿ?” ಎಂದರು. ನನ್ನ ಕರ್ತವ್ಯನಿಷ್ಠೆಗೆ ನನ್ನ ಸೊಂಟದ ಸುತ್ತಳತೆಯೇ ಸಾಕ್ಷಿಯಾಗಿ ನಿಂತಿತ್ತಾದ್ದರಿಂದ ನಾನು ವಾದಿಸಲಿಲ್ಲ.

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎನ್ನುತ್ತಾರೆ. ನಮ್ಮಲ್ಲಿ ಊಟವೇ ರೋಗ, ಅದರ ಮಾತೇ ಜಗಳ. ಹಾಗಾಗಿ ಆ ಮಕ್ಕಳ ಪಂಕ್ತಿಯಲ್ಲಿ ‘ಇನ್ನೊಂದು ತುತ್ತು’ ಎನ್ನಬಾರದು, ತಿಂದರೆ ಹೊಗಳಬಾರದು, ಬಿಟ್ಟರೆ ನಿಟ್ಟುಸಿರಿಡಬಾರದು. ಸಿನಿಮಾ, ಬೆಕ್ಕು, ಬಸ್ಸಿನ ಗದ್ದಲ ಏನಾದರೂ ಮಾತಾಡುತ್ತಾ, ಅವರ ತಟ್ಟೆಯಲ್ಲಿರುವುದನ್ನೇ ನಮ್ಮ ತಟ್ಟೆಗೂ ಹಾಕಿಸಿಕೊಂಡು, ಉಣ್ಣುವುದು ಲೋಕದ ಅತಿ ಸಾಮಾನ್ಯ ಸಂಗತಿ ಎಂಬಂತೆ ಉಂಡು ಮುಗಿಸಬೇಕು. ಅವರು ಉಣ್ಣಲಿ, ಬಿಡಲಿ, ನಾವು ಮಾತ್ರ ತಟ್ಟೆ ಖಾಲಿ ಮಾಡಲೇಬೇಕು.

ರೆನಿಟಾ ನಮ್ಮಲ್ಲಿಗೆ ಬಂದಾಗ ಹತ್ತನೇ ತರಗತಿಯ ಹುಡುಗಿ. ಕಾಪು ಸಮೀಪದ ಇನ್ನಂಜೆಯವಳು, ತಂದೆ ಕುವೈತಿನಲ್ಲಿ. ಯಾವಳೋ ಗೆಳತಿ ಅವಳ ಫೋಟೋ ನೋಡಿ ಆಡಿದ ಮಾತಿನಿಂದ ಊಟ ಬಿಡುವುದು ಶುರುವಾಯಿತೆಂದು ಮನೆಯವರ ಅಂಬೋಣ. ಅಷ್ಟು ಅಗ್ಗದ ಕಾರಣಗಳಲ್ಲಿ ನನಗೆ ನಂಬಿಕೆಯಿಲ್ಲ. ಬಳೆ ಮೊಣಕೈವರೆಗೆ ಜಾರುವಷ್ಟು ಸೊರಗಿದ್ದಳು. ಅವಳ ತಾಯಿ ಹಿಲ್ಡಾಬಾಯಿ ಮೊದಲ ಸಲ ಮಗಳ ಜೊತೆ ಊಟಕ್ಕೆ ಕುಳಿತ ದಿನ, ಊಟದ ಸುದ್ದಿಯನ್ನೇ ಎತ್ತಬಾರದೆಂದು ನಾವು ಹೇಳಿಟ್ಟಿದ್ದೆವು. ಪಾಪ, ಆಕೆಗೆ ಬೇರೆ ಮಾತೇ ಇರಲಿಲ್ಲ. ಬಹಳ ಹೊತ್ತು ತಡಕಾಡಿ, “ನಮ್ಮ ಕಪ್ಪು ಕೋಳಿ ಉಂಟಲ್ಲ, ಅದು ಈಗ ನಿನ್ನ ಹಾಸಿಗೆಯಲ್ಲಿ ಮಲಗ್ತದೆ” ಎಂದರು.

“ಅಲ್ಲೇ ಮೊಟ್ಟೆ ಇಟ್ಟರೆ ಎಂತ ಮಾಡುದು ಮಮ್ಮಿ?”

ಮೊಟ್ಟೆ ತಿನ್ನುವ ವಸ್ತುವಾದ್ದರಿಂದ ಆ ಬಗ್ಗೆ ಮಾತಾಡಬಹುದೇ ಎಂದು ಹಿಲ್ಡಾಬಾಯಿ ಗಾಬರಿಯಿಂದ ನನ್ನ ಮುಖ ನೋಡಿದರು. ಆ ಮುಖ ಕಂಡು ರೆನಿಟಾ ನಕ್ಕಳು. ನಗುನಗುತ್ತಲೇ ಅರ್ಧ ತಟ್ಟೆ ಉಂಡಳು. ಅಂದಿನಿಂದ ಮೆಲ್ಲಮೆಲ್ಲನೆ ಚೇತರಿಸಿಕೊಂಡು, ಒಂದು ದಿನ ಮನೆಗೂ ಹೋದಳು. ನಾವೆಲ್ಲ ಗೆದ್ದೆವೆಂದೇ ತಿಳಿದೆವು.

ಮಳೆಗಾಲ ಬರುವ ಮುಂಚೆಯೇ ಅವಳು ಮರಳಿ ಬಂದಳು, ಮೊದಲಿಗಿಂತಲೂ ಬಡಕಲಾಗಿ. ಇನ್ನು ಒಂದೆರಡು ದಿನದಲ್ಲಿ ತಾನಾಗಿ ಉಣ್ಣದಿದ್ದರೆ ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸುವುದು ಬಿಟ್ಟು ದಾರಿಯಿಲ್ಲ, ಹೃದಯ ಸೋಲುತ್ತಿದೆ ಎಂದರು ಡಾಕ್ಟರು. ಹೊರಗಿನ ಬೆಂಚಿನಲ್ಲಿ ಕುಳಿತಿದ್ದ ಹಿಲ್ಡಾಬಾಯಿ ನನ್ನ ಕೈ ಹಿಡಿದುಕೊಂಡು, “ನೀವು ಹೇಳಿದ ಹಾಗೆಯೇ ಮಾಡಿದೆ ಮೇಡಂ. ಅವಳು ಬರುವ ಮುಂಚೆ ಮನೆಮನೆಗೆ ಹೋಗಿ ಕೈ ಮುಗಿದೆ. ನನ್ನ ಮಗಳನ್ನು ಯಾರೂ ಊಟ ಆಯ್ತಾ ಅಂತ ಕೇಳ್ಬೇಡಿ ಅಂದೆ. ಯಾರೂ ಕೇಳಲಿಲ್ಲ. ಒಬ್ಬರೂ ಕೇಳಲಿಲ್ಲ” ಎಂದರು.

ಆ ದಿನ ಮಧ್ಯಾಹ್ನ ಗಂಜಿಯ ತಟ್ಟೆಗಳ ಮುಂದೆ ನಾವಿಬ್ಬರು ಕುಳಿತಾಗ ರೆನಿಟಾ ತಾನಾಗಿಯೇ ಬಾಯಿ ಬಿಟ್ಟಳು. “ಊರಲ್ಲಿ ನನ್ನೊಟ್ಟಿಗೆ ಯಾರೂ ಮಾತಾಡುದಿಲ್ಲ ಅಕ್ಕ. ಪೂಜೆ ಮುಗಿಸಿ ಚರ್ಚಿಂದ ಹೊರಗೆ ಬಂದ್ರೆ ಎಲ್ಲ ಆಚೆ ತಿರುಗ್ತಾರೆ. ನೆರೆಮನೆಯ ಗಿರಿಜಕ್ಕ ನನ್ನನ್ನು ಕಂಡು ದಾರಿ ಬಿಟ್ಟು ಗದ್ದೆಗೆ ಇಳಿದು ಹೋದ್ರು. ಹುಚ್ಚಾಸ್ಪತ್ರೆಗೆ ಹೋಗಿ ಬಂದವಳು, ಅಲ್ವಾ?”

ಆಗ ನನಗೆ ಎಲ್ಲ ಅರ್ಥವಾಯಿತು, ಅರ್ಥವಾಗಿ ಎದೆ ಒಡೆಯಿತು. ಇನ್ನಂಜೆಯವರು ಕೆಟ್ಟವರಲ್ಲ, ಕೊಟ್ಟ ಮಾತಿಗೆ ತಪ್ಪದವರು. ಆದರೆ ಆ ಒಂದು ಪ್ರಶ್ನೆ ಬಿಟ್ಟರೆ ಮಾತು ಶುರುಮಾಡುವ ಬಗೆ ನಮ್ಮಲ್ಲಿ ಯಾರಿಗೆ ಗೊತ್ತಿದೆ? ಅಭ್ಯಾಸಬಲದಿಂದ ಎಲ್ಲಿ ನಾಲಿಗೆ ಜಾರೀತೋ, ಎಲ್ಲಿ ಮಗುವಿಗೆ ಕೇಡಾದೀತೋ ಎಂದು ಹೆದರಿ ಅವರು ಬಾಯಿಯನ್ನೇ ಮುಚ್ಚಿಕೊಂಡಿದ್ದರು. ಗದ್ದೆಗೆ ಇಳಿದ ಗಿರಿಜಕ್ಕ ಎಷ್ಟು ಪ್ರೀತಿಯಿಂದ ಇಳಿದಿದ್ದರೋ!

ನಾನು ಅವಳಿಗೆ ಎಲ್ಲವನ್ನೂ ಹೇಳಿದೆ. ಊಟದ ಹೊತ್ತಿನಲ್ಲಿ ಆಡಬಾರದ ಮಾತದು, ಆದರೂ ಹೇಳಿದೆ. ರೆನಿಟಾ ತಟ್ಟೆಯಿಂದ ತಲೆ ಎತ್ತಿದಳು.

“ಎಲ್ಲಾ ಮನೆಗೂ ಹೋದ್ರಾ ಮಮ್ಮಿ?”

“ಹೌದಂತೆ.”

“ಆ ಬಿಸಿಲಿಗೆ? ಅವರಿಗೆ ಮೊಣಕಾಲು ನೋವು ಉಂಟು ಅಕ್ಕ.”

ಅಷ್ಟು ಹೇಳಿ ಬಿಕ್ಕಿಬಿಕ್ಕಿ ಅತ್ತಳು. ಅತ್ತು ಸಮಾಧಾನವಾದ ಮೇಲೆ ಚಮಚದಲ್ಲಿ ಗಂಜಿ ತೆಗೆದುಕೊಂಡು ತುಟಿಯವರೆಗೆ ತಂದಳು. ನನ್ನ ಕಣ್ಣನ್ನು ಬಲವಂತವಾಗಿ ಕಿಟಕಿಯ ಕಡೆಗೆ ತಿರುಗಿಸಿಕೊಂಡೆ. ತಿರುಗಿ ನೋಡಿದಾಗ ಚಮಚ ತಟ್ಟೆಯಲ್ಲಿ ಹಾಗೆಯೇ ತುಂಬಿಕೊಂಡಿತ್ತು. “ಆಗ್ತಾ ಇಲ್ಲ ಅಕ್ಕ. ಮನಸ್ಸು ಉಂಟು, ಆದ್ರೆ ಆಗ್ತಾ ಇಲ್ಲ. ಮಮ್ಮಿಗೆ ಹೇಳಿ” ಎಂದಳು.

ಸಂಜೆಯೇ ಅವಳಿಗೆ ನಳಿಗೆ ಹಾಕುವುದು ಇನ್ನು ತಪ್ಪದೆಂದು ನನಗೆ ಖಚಿತವಾಯಿತು. ಅದನ್ನು ಹಿಲ್ಡಾಬಾಯಿಗೆ ಹೇಳುವ ಮುನ್ನ ನನಗೆ ಇನ್ನೊಂದು ಕೆಲಸ ಬಾಕಿಯಿತ್ತು. ರೆನಿಟಾ ಎದುರಿಗೇ ಕುಳಿತು ನೋಡುತ್ತಿದ್ದಳು. ಉಣ್ಣುವುದು ಲೋಕದ ಅತಿ ಸಾಮಾನ್ಯ ಸಂಗತಿ ಎಂಬಂತೆ, ನನ್ನ ತಟ್ಟೆಯ ತಣ್ಣಗಾದ ಗಂಜಿಯನ್ನು ನಾನು ಪೂರ್ತಿ ಉಂಡೆ.