ಮುನಿರತ್ನಮ್ಮ ಸಿಸ್ಟರ್ ಮತ್ತು ನೀಲಿ ಔಷಧಿ

ಮುನಿರತ್ನಮ್ಮ ಸಿಸ್ಟರ್ ಯಾರನ್ನು ಮಾತನಾಡಿಸಿದರೂ ಮೊದಲು ಉಗುರು ನೋಡುತ್ತಿದ್ದರು, ಆಮೇಲೆ ಮುಖ. ನನ್ನನ್ನು ಕಂಡ ಮೊದಲ ದಿನವೇ, "ರಕ್ತ ಕಮ್ಮಿ ಐತೆ ಕಣಮ್ಮ ನಿಂಗೆ, ಸೊಪ್ಪು ತಿನ್ನು," ಎಂದಿದ್ದರು. ರೋಗಿ ನಾನಾಗಿರಲಿಲ್ಲ, ನನ್ನ ತಾಯಿ.

ಎಂಬತ್ತರ ದಶಕದ ಕೊನೆ. ಕೋಲಾರದ ಒಂದು ಆಸ್ಪತ್ರೆಯಲ್ಲಿ ಅಮ್ಮನಿಗೆ ಕುತ್ತಿಗೆಯ ಆಪರೇಷನ್. ಸಿಸ್ಟರ್ ಮನೆಮಾತು ತೆಲುಗು. ಮುದುಕಿಯರೆಲ್ಲ ಅವರಿಗೆ ಪೆದ್ದಮ್ಮಂದಿರು, ಎಂದರೆ ದೊಡ್ಡಮ್ಮಂದಿರು. ಸೂಜಿ ಚುಚ್ಚುವ ಮೊದಲು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಆಪರೇಷನ್ ಥಿಯೇಟರ್ ಎಂದರೆ ಪ್ರಾಣ. "ಹದಿನೆಂಟು ವರ್ಷದಿಂದ ಒಳಗೇ ಇದ್ದೀನಿ, ಹೊರಗಡೆ ಬಿಸಿಲೇ ಆಗಲ್ಲಮ್ಮ ನಂಗೆ," ಎಂದು ನಗುತ್ತಿದ್ದರು.

ಕುತ್ತಿಗೆಯೊಳಗಿನ ಸಣ್ಣ ಗ್ರಂಥಿಗಳು ಎದ್ದು ಕಾಣಲೆಂದು, ಥಿಯೇಟರಿನ ಪಕ್ಕದ ಕೋಣೆಯಲ್ಲಿ ಅಮ್ಮನ ನರಕ್ಕೆ ನೀಲಿ ಔಷಧಿ ಬಿಟ್ಟರು. ಅಮ್ಮ ಹೆದರಿದ್ದರಿಂದ ನನ್ನನ್ನೂ ಒಳಗೆ ಬಿಟ್ಟಿದ್ದರು. ಬೆರಳಿಗೆ ಆಕ್ಸಿಜನ್ ಅಳೆಯುವ, ಆಗಷ್ಟೇ ಬಂದಿದ್ದ ಕ್ಲಿಪ್ಪು. ತೊಂಬತ್ತೇಳು ಇದ್ದದ್ದು ನೋಡನೋಡುತ್ತಿದ್ದಂತೆ ಎಪ್ಪತ್ತಕ್ಕಿಳಿಯಿತು. ಯಂತ್ರ ಕೂಗಿಕೊಂಡಿತು. ಸಿಸ್ಟರ್ ಗಾಬರಿಯಾಗಲಿಲ್ಲ. ನಾಡಿ ಹಿಡಿದು, "ಪೆದ್ದಮ್ಮಾ, ನಿನ್ ಮಗಳ ಹೆಸರೇನು?" ಎಂದರು. ಅಮ್ಮ ಸರಿಯಾಗಿ ಹೇಳಿದರು. ಆಮೇಲೆ ಕ್ಲಿಪ್ಪು ತೆಗೆದು ತಮ್ಮ ಬೆರಳಿಗೇ ಸಿಕ್ಕಿಸಿಕೊಂಡರು. ತೊಂಬತ್ತೆಂಟು.

"ಏಮೀ ಲೇದಮ್ಮ, ಏನೂ ಆಗಿಲ್ಲ! ಮಿಷಿನ್ನೂ ನೆಟ್ಟಗೈತೆ, ಪೆದ್ದಮ್ಮಾನೂ ನೆಟ್ಟಗವ್ರೆ. ಬಣ್ಣ ಅಡ್ಡ ಬಂದೈತೆ ಅಷ್ಟೆ. ಸ್ವಲ್ಪ ಹೊತ್ಗೆ ಏರ್ತದೆ."

ನನಗೆ ಕಂಡದ್ದು, ಸಾಯುತ್ತಿರುವ ಅಮ್ಮನ ಬೆರಳಿಂದ ಯಂತ್ರ ಕಿತ್ತು ಆಟವಾಡುವ ನರ್ಸ್. ಸೂಪರಿಂಟೆಂಡೆಂಟರ ಕೋಣೆಗೆ ಓಡಿ, ಕಾನ್ವೆಂಟಿನ ಇಂಗ್ಲಿಷಿನಲ್ಲಿ ದೂರು ಬರೆದುಕೊಟ್ಟೆ. ಒಂದು ಸ್ಪೆಲ್ಲಿಂಗ್ ತಪ್ಪಿರಲಿಲ್ಲ. ಅವರು ನನಗೆ ಕುರ್ಚಿ ಕೊಟ್ಟರು. ಸಿಸ್ಟರನ್ನು ಕರೆಸಿ, ಅದಕ್ಕೆ ಇಂಗ್ಲಿಷಿನಲ್ಲೇ ಉತ್ತರ ಬರೆಯಿರಿ ಎಂದರು. ಸಿಸ್ಟರ್ ಪೆನ್ನು ಹಿಡಿದು ನಿಂತೇ ಇದ್ದರು.

ಅಷ್ಟರಲ್ಲಿ ಅಂಕಿ ತಾನಾಗಿ ಏರಿತ್ತು. ಆಪರೇಷನ್ ಚೆನ್ನಾಗಿಯೇ ಆಯಿತು. ಸಂಜೆ ಅರಿವಳಿಕೆಯ ಡಾಕ್ಟರು ವಿವರಿಸಿದರು: ಯಂತ್ರ ಬೆರಳಿನೊಳಗೆ ಕೆಂಪು ಬೆಳಕು ಹಾಯಿಸಿ ರಕ್ತ ಓದುತ್ತದೆ, ನೀಲಿ ಬಣ್ಣ ಆ ಬೆಳಕನ್ನು ನುಂಗಿಬಿಡುತ್ತದೆ. "ಆಯಮ್ಮ ಹೇಳಿದ್ದು ಸರಿ. ನೀವು ದೂರು ವಾಪಸ್ ತಗೊಂಡ್ರೆ ಥಿಯೇಟರಲ್ಲೇ ಉಳೀತಾರೆ."

ನಾಳೆ ಬರೆದುಕೊಡ್ತೀನಿ ಎಂದೆ. ತಪ್ಪು ನನ್ನದೆಂದು ಬರೆಯಲು ಕೈ ಬರಲಿಲ್ಲ. ಡಿಸ್ಚಾರ್ಜ್ ಆದ ದಿನ ಅಮ್ಮನನ್ನು ಕರೆದುಕೊಂಡು ನಮ್ಮೂರು ಮುಳಬಾಗಿಲಿಗೆ ಬಂದುಬಿಟ್ಟೆ. ಸಿಸ್ಟರನ್ನು ಥಿಯೇಟರಿನಿಂದ ತೆಗೆದು, ಹೊರಗೆ ರೋಗಿಗಳ ಚೀಟಿ ಬರೆಯಲು ಕೂರಿಸಿದ್ದಾರೆಂದು ಆಮೇಲೆ ತಿಳಿಯಿತು.

ಮರುವರ್ಷ ಮುಳಬಾಗಿಲಿನ ಬಸ್ ನಿಲ್ದಾಣದಲ್ಲಿ ಅವರೇ ಗುರುತು ಹಿಡಿದರು. ಕೆಲಸ ಬಿಟ್ಟು, ನಂಗಲಿಯ ಅಕ್ಕನ ಮನೆಗೆ ಹೊರಟಿದ್ದರು.

"ಪೆದ್ದಮ್ಮ ಚೆನ್ನಾಗವ್ರಾ? ಊಟ ಸೇರ್ತದಾ?"

"ಚೆನ್ನಾಗಿದ್ದಾರೆ ಸಿಸ್ಟರ್. ಆವತ್ತು ನಾನು..."

ಅವರು ಹೆಗಲಿನ ಚೀಲ ಕೆಳಗಿಟ್ಟರು. ನನ್ನ ಮುಖವನ್ನೇ ನೋಡುತ್ತ ಕಾದರು.

"ಆವತ್ತು ನಿಮಗೆ ಹೇಳದೇ ಹೊರಟುಬಿಟ್ಟೆ," ಎಂದೆ.

ಅವರು ಚೀಲ ಎತ್ತಿಕೊಂಡರು. "ಆಗ್ಲಿ ಬಿಡಮ್ಮ," ಎಂದು ನಂಗಲಿ ಬಸ್ಸು ಹತ್ತಿದರು.