ಕರಡಿಯ ಆವರಣದ ಮುಂದೆ ಸಿಕ್ಕವರು

ಭಾನುವಾರ ಅಪ್ಪ ತಾನಾಗಿಯೇ ಅಂಗಡಿ ಬಾಗಿಲು ಹಾಕಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಭರಮಸಾಗರದ ಬಸ್ ಸ್ಟ್ಯಾಂಡಿನ ಹತ್ತಿರ ಅಪ್ಪನದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ ಮೋಟರನ್ನು ರೈತರು ಯಾವಾಗ ತಂದರೂ ಇಲ್ಲ ಅನ್ನುವವನಲ್ಲ. ಅಂಥವನು ಒಂದು ಶನಿವಾರ ಮಧ್ಯಾಹ್ನ ಊಟಕ್ಕೆ ಕೂತು, ತಟ್ಟೆಯಿಂದ ತಲೆ ಎತ್ತದೆ, "ನಾಳೆ ಎಲ್ಲಾರೂ ದುರ್ಗಕ್ಕೆ ಹೋಗಾಣ. ಝೂ ನೋಡ್ಕಂಡು, ಆ ಮೀನಿನ ಪ್ರದರ್ಶನ ಬಂದೈತಲ್ಲ, ಅದನ್ನೂ ನೋಡ್ಕಂಡು ಬರಾಣ" ಅಂದ.

ನನಗಾಗ ಇಪ್ಪತ್ತೆರಡು. ಬಿ.ಎಡ್. ಓದಲು ದಿನಾ ಚಿತ್ರದುರ್ಗಕ್ಕೇ ಹೋಗಿ ಬರುತ್ತಿದ್ದೆ. ನಮ್ಮ ಮನೆಯಲ್ಲಿ ಝೂ ನೋಡಿ ಕುಣಿಯುವ ವಯಸ್ಸಿನವರು ಯಾರೂ ಇರಲಿಲ್ಲ. ಇದ್ದವರು ಅಪ್ಪ, ಅಮ್ಮ, ನಾನು, ಅಪ್ಪನ ತಂಗಿ. ಈ ಸೋದರತ್ತೆಯನ್ನು ಹರಿಯಬ್ಬೆಗೆ ಕೊಟ್ಟಿದ್ದರು. ಮದುವೆಯಾದ ಐದನೇ ವರ್ಷಕ್ಕೆ ಮಾವ ತೀರಿಕೊಂಡ. ಮಕ್ಕಳಿರಲಿಲ್ಲ. ಆಗ ನಮ್ಮ ಮನೆಗೆ ಬಂದವಳು ಹದಿನಾರು ವರ್ಷದಿಂದ ನಡುಮನೆಯ ಕಿಟಕಿ ಪಕ್ಕ ಹೊಲಿಗೆ ಮಿಷನ್ ಇಟ್ಟುಕೊಂಡು ಊರಿನ ಹೆಂಗಸರಿಗೆ ಬ್ಲೌಸ್ ಹೊಲಿಯುತ್ತಿದ್ದಳು. ಎಡಗಿವಿ ಮಂದ. ಆ ಕಡೆಯಿಂದ ಕರೆದರೆ ಉತ್ತರ ಬರುತ್ತಿರಲಿಲ್ಲ, ಗೊತ್ತಿಲ್ಲದವರು ಇವಳಿಗೆ ಜಂಬ ಅಂದುಕೊಳ್ಳುತ್ತಿದ್ದರು.

ನನ್ನ ಅನುಮಾನಕ್ಕೆ ಕಾರಣವಿತ್ತು. ಆ ವರ್ಷ ದಸರೆ ಹೊತ್ತಿಗೆ ಹೊಳಲ್ಕೆರೆಯಿಂದ ನನಗೊಂದು ಸಂಬಂಧ ಬಂದಿತ್ತು. ಓದು ಮುಗಿಯುವವರೆಗೆ ಯಾರ ಮುಂದೆಯೂ ಬಂದು ಕೂರುವುದಿಲ್ಲ ಅಂತ ಹಟ ಮಾಡಿ ವಾಪಸ್ ಕಳಿಸಿದ್ದೆ. ಅಪ್ಪ ಆಗ ಒಂದು ಮಾತೂ ಬೈದಿರಲಿಲ್ಲ. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಮ್ಮನಿದ್ದಾನೆಂದರೆ ಬೇರೇನೋ ಯೋಚಿಸಿದ್ದಾನೆ ಅಂತ ನಾನು ಅಂದಿನಿಂದಲೇ ಕಾಯುತ್ತಿದ್ದೆ.

ಆ ಸಂಜೆ ಅಪ್ಪ ಕಟಿಂಗ್ ಮಾಡಿಸಿ, ಮೀಸೆಗೆ ಬಣ್ಣ ಹಚ್ಚಿಕೊಂಡು ಬಂದ. ಅಮ್ಮ ನನ್ನ ಹಸಿರು ಚೂಡಿದಾರ ತೆಗೆದು ಇಸ್ತ್ರಿ ಮಾಡತೊಡಗಿದಳು. ಬಟ್ಟೆ ಎತ್ತಲು ಹಿತ್ತಲಿಗೆ ಹೋದೆ. ನೀರಿನ ತೊಟ್ಟಿಯ ಹಿಂದೆ ಅಪ್ಪ ಫೋನಿನಲ್ಲಿ ಮೆಲ್ಲಗೆ ಮಾತಾಡುತ್ತಿದ್ದ. "ಹನ್ನೊಂದಕ್ಕೆ ಸರಿಯಾಗಿ ಬರ್ರಿ. ಕರಡಿ ಹತ್ರಾನೇ ನಿಂತಿರ್ತೀವಿ. ಹುಡುಗಿಗೆ ಏನೂ ಹೇಳಿಲ್ಲ."

ಇನ್ನೇನು ಬೇಕು! ನೇರವಾಗಿ ಅತ್ತೆಯ ಹತ್ತಿರ ಹೋಗಿ, ಅವಳ ಬಲಗಡೆ ಕೂತು ಕೇಳಿದೆ. "ಅತ್ತೆ, ನಿಜ ಹೇಳು. ನಾಳೆ ಅಲ್ಲಿಗೆ ಯಾರು ಬರ್ತಾರೆ?"

ಅತ್ತೆ ಮಿಷನ್ ತುಳಿಯುವುದನ್ನು ನಿಲ್ಲಿಸಲಿಲ್ಲ. "ಯಾರ್ ಬರ್ತಾರೆ? ಕರಡಿ, ಚಿರತೆ ಇರ್ತವೆ" ಅಂದಳು. ಕಿವಿ ಮಾತ್ರ ಕೆಂಪಾಗಿತ್ತು. ಇವಳೂ ಅವರ ಜೊತೆ ಸೇರಿದಳಲ್ಲ ಅಂತ ಹೊಟ್ಟೆ ಉರಿಯಿತು.

ಬೆಳಗ್ಗೆ ಬೇಕೆಂದೇ ತಲೆಗೆ ಎಣ್ಣೆ ಮೆತ್ತಿ, ಬಣ್ಣ ಹೋದ ಹಳೇ ಚೂಡಿದಾರ ಹಾಕಿಕೊಂಡು ಹೊರಟೆ. ಅಮ್ಮ ಬಾಯಿ ಮಾಡಿದಳು. ಆದರೆ ಅಪ್ಪ, "ಹೋಗ್ಲಿ ಬಿಡೇ, ಅವಳು ಹೆಂಗಾರ ಬರ್ಲಿ" ಅಂದುಬಿಟ್ಟ. ನನಗೆ ಅಲ್ಲೇ ಹೊಳೆಯಬೇಕಿತ್ತು. ಅತ್ತೆ ಉಟ್ಟಿದ್ದ ದ್ರಾಕ್ಷಿ ಬಣ್ಣದ ಸೀರೆಯನ್ನು ನಾನು ಹಿಂದೆಂದೂ ನೋಡಿರಲಿಲ್ಲ, ಅದೂ ಹೊಳೆಯಲಿಲ್ಲ. ನನ್ನ ಕಣ್ಣಿಗೆ ನಾನೊಬ್ಬಳೇ ಕಾಣುತ್ತಿದ್ದೆ.

ಬೆಟ್ಟಗಳ ಬುಡದಲ್ಲಿರುವ ದುರ್ಗದ ಝೂ ಚಿಕ್ಕದು. ಜಿಂಕೆ, ನವಿಲು, ಮೊಸಳೆ ಯಾವುದರ ಮುಂದೆಯೂ ಅಪ್ಪ ನಿಲ್ಲಗೊಡಲಿಲ್ಲ. ಗಳಿಗೆಗೊಮ್ಮೆ ಗಡಿಯಾರ ನೋಡುತ್ತ ನಮ್ಮನ್ನು ಕರಡಿಯ ಹತ್ತಿರ ತಂದು ನಿಲ್ಲಿಸಿದ. ಕರಡಿ ನೆರಳಿನಲ್ಲಿ ನಮಗೆ ಬೆನ್ನು ಹಾಕಿ ಮಲಗಿತ್ತು. ಸ್ವಲ್ಪ ಹೊತ್ತಿಗೆ ಇಬ್ಬರು ಬಂದರು. ಒಬ್ಬರು ಐವತ್ತು ದಾಟಿದವರು, ತೆಳ್ಳಗೆ, ನೆಟ್ಟಗೆ ನಡೆಯುವವರು. ಇನ್ನೊಬ್ಬ ಅವರ ಮಗನಂತಿದ್ದ ಕನ್ನಡಕದ ಯುವಕ.

"ಅರೆ! ಏನ್ ಮೇಷ್ಟ್ರೇ, ನೀವಿಲ್ಲಿ?" ಅಂದ ಅಪ್ಪ. ಅಷ್ಟು ಕೆಟ್ಟ ನಟನೆಯನ್ನು ನಾನು ಸ್ಕೂಲ್ ಡೇ ನಾಟಕದಲ್ಲೂ ನೋಡಿಲ್ಲ.

ಹೊಸದುರ್ಗದ ಕಡೆಯವರು, ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು ಅಂತ ಪರಿಚಯವಾಯಿತು. ಮಗ ದಾವಣಗೆರೆಯಲ್ಲಿ ಕೆಲಸದಲ್ಲಿದ್ದ. ಅವನು ನನ್ನ ಕಡೆ ನೋಡಿದರೆ ಅಳೆಯುತ್ತಿದ್ದಾನೆ ಅನ್ನಿಸಿತು. ನೋಡದಿದ್ದರೆ, ಆಗಲೇ ಫೋಟೋ ನೋಡಿ ಬಂದಿದ್ದಾನೆ ಅನ್ನಿಸಿತು.

ಮೇಷ್ಟ್ರು ನನ್ನನ್ನು, "ಏನ್ ಓದ್ತಿದೀಯಮ್ಮ?" ಅಂತ ಕೇಳಿದರು.

"ಯಾಕೆ, ನಿಮಗ್ಯಾಕೆ ಬೇಕು?" ಅಂದೆ.

ಅಮ್ಮ ನನ್ನ ತೋಳು ಚಿವುಟಿದಳು. ಅತ್ತೆಯ ಮುಖ ಬಾಡಿತು. ನನ್ನ ಮೇಲಿನ ಸಿಟ್ಟಿಗೆ ಅಂದುಕೊಂಡೆ.

ಮೀನಿನ ಪ್ರದರ್ಶನ ಪೇಟೆಯ ಮೈದಾನದಲ್ಲಿತ್ತು. ತಗಡು, ಟಾರ್ಪಾಲಿನಲ್ಲಿ ಕಟ್ಟಿದ ಉದ್ದ ಸುರಂಗ. ಅಕ್ಕಪಕ್ಕ ಗಾಜು, ತಲೆಯ ಮೇಲೂ ಗಾಜು, ಒಳಗೆಲ್ಲ ನೀಲಿ ಬೆಳಕು. ಎರಡು ಕಡೆಯವರೂ "ಅಚಾನಕ್ಕಾಗಿ" ಒಟ್ಟಿಗೇ ಒಳಗೆ ಹೋದೆವು. ಜನ ನೂಕಾಡುತ್ತಿದ್ದ ಆ ಸಂದಿಯಲ್ಲಿ ಕನ್ನಡಕದವನು ನನ್ನ ಪಕ್ಕಕ್ಕೆ ಬಂದ. ಇದೇ ಸಮಯ ಅಂತ ಧೈರ್ಯ ಮಾಡಿದೆ.

"ನೋಡ್ರಿ, ನನಗೆ ಈಗ ಮದುವೆ ಬೇಡ. ನಮ್ಮಪ್ಪಂಗೆ ಹೇಳಿದ್ರೆ ಕೇಳಲ್ಲ. ನೀವೇ ನಿಮ್ಮಪ್ಪಂಗೆ ಹುಡುಗಿ ಒಪ್ಪಿಗೆಯಿಲ್ಲ ಅಂತ ಹೇಳ್ಬಿಡ್ರಿ."

ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ನನಗೆ ಮದುವೆಯಾಗಿ ಎರಡು ವರ್ಷ ಆಯ್ತ್ರಿ. ಹೆಂಡ್ತಿ ಹೆರಿಗೆಗೆ ತೌರಿಗೆ ಹೋಗವ್ಳೆ" ಅಂದ. ಆಮೇಲೆ, "ನಿಮಗೆ ಯಾರೂ ಹೇಳಿಲ್ವಾ?" ಅಂತ ಮೆಲ್ಲಗೆ ಕೇಳಿ, ಸುರಂಗದ ಆ ತುದಿಗೆ ಕೈ ತೋರಿಸಿದ.

ಅಲ್ಲಿ ದ್ರಾಕ್ಷಿ ಬಣ್ಣದ ಸೀರೆ ಇತ್ತು. ಪಕ್ಕದಲ್ಲಿ ಮೇಷ್ಟ್ರು. ಇಬ್ಬರ ನಡುವೆ ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟು, ಇಬ್ಬರೂ ಒಂದೇ ಮೀನನ್ನು ನೋಡುತ್ತಿದ್ದರು.

ನನ್ನ ಮೈ ನಾಚಿಕೆಯಿಂದ ಬಿಸಿಯಾಯಿತು. ಆದರೆ ಅನುಮಾನ ಹೋಗಲಿಲ್ಲ, ದಿಕ್ಕು ಬದಲಿಸಿತು ಅಷ್ಟೇ. ಐವತ್ತು ದಾಟಿದ ಗಂಡಸಿಗೆ ಈಗ ಯಾಕೆ ಹೆಂಡತಿ? ಮನೆಗೆಲಸಕ್ಕೆ ಆಳು ಬೇಕಿತ್ತೇ? ಅಲ್ಲೇ ಮಗನನ್ನು ವಿಚಾರಣೆಗೆ ಹಿಡಿದೆ.

"ನಿಮ್ಮಪ್ಪ ಕುಡಿತಾರಾ?"

"ಟೀ ಕುಡಿತಾರೆ. ಬಹಳ."

"ಅಡುಗೆಗೆ ಜನ ಇಲ್ಲ ಅಂತ ಮದುವೆನಾ?"

ಅವನಿಗೆ ನೋವಾಯಿತು. "ಅಮ್ಮ ತೀರ್ಕಳೋಕೆ ಮುಂಚೆ ಮಲಗಿದ್ದಲ್ಲೇ ಮೂರು ವರ್ಷ ಇದ್ರು. ಅಡುಗೆ, ಬಟ್ಟೆ ಎಲ್ಲಾ ಅಪ್ಪನೇ ಮಾಡಿದ್ದು. ಈಗ ಸ್ಕೂಲಿಂದ ಬಂದು ಟಿವಿಯಲ್ಲಿ ವಾರ್ತೆ ಓದೋರ ಜೊತೆ ಮಾತಾಡ್ತಾರೆ. ಅದನ್ನ ನೋಡಿ ನಾನೇ ಹೇಳ್ದೆ, ಮದುವೆ ಮಾಡ್ಕಳಪ್ಪ ಅಂತ."

ಒಳ್ಳೆ ಮಾತೇ. ಆದರೆ ಮಗ ಇನ್ನೇನು ಹೇಳುತ್ತಾನೆ ಅಂತ ಮನಸ್ಸು ಗೊಣಗಿತು. ಅವರಿಬ್ಬರ ಹಿಂದೆ ಹಿಂದೆಯೇ ನಡೆದೆ. ಮೇಷ್ಟ್ರು ಅತ್ತೆಯ ಎಡಗಡೆ ಇದ್ದರು. ಏನೋ ಕೇಳಿದರು, ಅತ್ತೆ ಮಾತಾಡಲಿಲ್ಲ. ಇನ್ನೊಮ್ಮೆ ಕೇಳಿದರು, ಆಗಲೂ ಇಲ್ಲ. ಮುಗಿಯಿತು, ಜಂಬದವಳು ಅಂದುಕೊಂಡರು ಅಂತ ನನಗನ್ನಿಸಿತು. ಅವರು ಅವಳ ಮುಖವನ್ನೊಮ್ಮೆ ನೋಡಿದರು. ಏನೂ ಅನ್ನದೆ, ಹಿಂದಿನಿಂದ ಸುತ್ತಿ ಬಂದು ಬಲಗಡೆ ನಿಂತು ಮತ್ತೆ ಕೇಳಿದರು. ಅತ್ತೆ ನಕ್ಕು ಉತ್ತರ ಕೊಟ್ಟಳು.

ಹೊರಗೆ ಬಂದವಳೇ ಅಪ್ಪನನ್ನು ಪಕ್ಕಕ್ಕೆ ಎಳೆದೆ. "ಕಿವಿ ವಿಷಯ ಅವರಿಗೆ ಮೊದ್ಲೇ ಹೇಳಿದ್ಯಾ?"

ಅಪ್ಪ ಗಾಬರಿಯಾದ. "ಅಯ್ಯೋ, ಅದನ್ನ ಹೇಳೋದೇ ಮರ್ತಿದ್ದೆ ಕಣೇ. ಯಾಕೆ, ಗೊತ್ತಾಗೋಯ್ತಾ?"

ಮೇಷ್ಟ್ರ ಹತ್ತಿರ ಹೋಗಿ, "ಸರ್, ಆಗ ಹಂಗಂದಿದ್ದು ತಪ್ಪಾಯ್ತು" ಅಂದೆ. "ಇರ್ಲಿ ಬಿಡಮ್ಮ. ನಾನು ದಿನಾ ಹೈಸ್ಕೂಲ್ ಹುಡುಗ್ರ ಜೊತೆ ಇರೋನು" ಅಂದರು.

ವಾಪಸ್ ಬಸ್ಸಿನಲ್ಲಿ ಅತ್ತೆ ಕಿಟಕಿಯಾಚೆ ನೋಡುತ್ತಲೇ ಅಂದಳು. "ನಿನಗೆ ಹೇಳ್ಬೇಡಿ ಅಂದಿದ್ದು ನಾನೇ. ಈ ಸಂಬಂಧ ಆಗ್ಲಿಲ್ಲ ಅಂದ್ರೆ ನೀನು ನನ್ನ ಅಯ್ಯೋ ಪಾಪ ಅಂತ ನೋಡ್ತಿದ್ದೆ. ಅದೊಂದನ್ನ ತಡ್ಕಳಕ್ಕಾಗಲ್ಲ ನನಗೆ." ಆಮೇಲೆ ನನ್ನ ಕಡೆ ತಿರುಗಿ, "ನಿನಗೆ ಏನನ್ನಿಸ್ತು?" ಅಂತ ಕೇಳಿದಳು.

"ಇನ್ನೊಂದ್ಸಲ ನೋಡಾಣ" ಅಂದೆ. ಆಮೇಲೆ ಎರಡು ಸಲ ನೋಡಿದೆವು. ಒಪ್ಪಲು ಅತ್ತೆ ನಾಲ್ಕು ತಿಂಗಳು ತೆಗೆದುಕೊಂಡಳು. ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ, ಹಾರ ಬದಲಿಸಿಕೊಂಡು ಹೊಸದುರ್ಗಕ್ಕೆ ಹೋದಳು.

ಮೊದಲ ಒಂದು ವರ್ಷ ನಾನು ಹೇಳದೆ ಕೇಳದೆ ಅವರ ಮನೆಗೆ ಹೋಗುತ್ತಿದ್ದೆ. ಹೋದವಳು ಮೊದಲು ಅತ್ತೆಯ ಮುಖ ನೋಡುತ್ತಿದ್ದೆ, ಆಮೇಲೆ ಅಡುಗೆಮನೆಗೆ ಹೋಗಿ ಪಾತ್ರೆ ಯಾರು ತೊಳೆಯುತ್ತಿದ್ದಾರೆ ಅಂತ ನೋಡುತ್ತಿದ್ದೆ. ಒಂದು ದಿನ ಮೇಷ್ಟ್ರು ಸಿಂಕಿನ ಮುಂದೆ ನಿಂತು, ತಿರುಗದೆಯೇ, "ಬಾರಮ್ಮ ಇನ್‌ಸ್ಪೆಕ್ಟ್ರೇ, ಟೀ ಇಡ್ಲಾ?" ಅಂದರು. ಒಳಗೆ ಅತ್ತೆಯ ಮಿಷನ್ ಓಡುವ ಸದ್ದು ಕೇಳುತ್ತಿತ್ತು. ಇಡ್ರಿ ಅಂದೆ.